ಗದ್ದ ಕಟ್ಟದ ಮೀನು

ನಮ್ಮ ಅಜ್ಜನ ಫೋಟೋ ಇರುವುದು ಒಂದೇ. ಅದೂ ಸತ್ತ ಮೇಲೆ ತೆಗೆದದ್ದು.

1971ರಲ್ಲಿ ಅಜ್ಜ ತೀರಿಕೊಂಡಾಗ ಬಾಗಲಕೋಟೆಯಿಂದ ಫೋಟೋದವನನ್ನು ಕರೆಸಿದ್ದರಂತೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಕೊರಳಲ್ಲಿ ಹೂವಿನ ಹಾರ. ಅಕ್ಕಪಕ್ಕ ಮನೆಮಂದಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬದುಕಿದ್ದಾಗ ಒಂದು ಫೋಟೋಕ್ಕೂ ಪುರಸೊತ್ತು ಸಿಗದ ಎಷ್ಟೋ ಹಿರಿಯರು ನಮ್ಮ ಕಡೆಯ ಪಡಸಾಲೆಗಳಲ್ಲಿ ಹೀಗೆಯೇ ಕೂತಿದ್ದಾರೆ.

ಆ ಫೋಟೋ ನೋಡಿದರೆ ನನಗೆ ಚಿಕ್ಕಂದಿನಲ್ಲಿ ಹೆದರಿಕೆಯಾಗುತ್ತಿತ್ತು. ಅಜ್ಜನ ಗದ್ದದ ಕೆಳಗಿನಿಂದ ಒಂದು ಬಿಳಿ ಬಟ್ಟೆ ಹಾಯ್ದು, ಎರಡೂ ಕಿವಿಯ ಪಕ್ಕದಿಂದ ರುಮಾಲಿನೊಳಗೆ ಹೋಗಿತ್ತು. ಹಲ್ಲುನೋವಿಗೆ ಕಟ್ಟಿಕೊಂಡ ಹಾಗೆ. ಯಾಕೆ ಅಂತ ಅಮ್ಮನನ್ನು ಕೇಳಿದರೆ, ನಮ್ಮಲ್ಲಿ ಅಜ್ಜಿಗೆ ಅಮ್ಮ ಅಂತಲೇ ಕರೆಯುವುದು, ಆಕೆ ಜೋಳ ಹಸನು ಮಾಡುತ್ತಲೇ ಹೇಳುತ್ತಿದ್ದಳು: "ಜೀವ ಹೋದ ಮ್ಯಾಲ ಗದ್ದ ಜೋತು ಬೀಳ್ತದೋ. ಬಾಯಿ ತಕ್ಕೊಂಡು ಕುಂತ್ರ ನೋಡಾಕ ಚಂದ ಕಾಣ್ತದೇನು? ಅದಕ್ಕ ಕಟ್ತಾರ."

ಈ ಮಾತು ಮರೆತೇ ಹೋಗಿತ್ತು. ನೆನಪಾಗಿದ್ದು ಒಂದು ಮೀನಿನಿಂದ.

ತಂಗಿಯ ಮಗ ಆರನೇ ಕ್ಲಾಸು. ಬೇಸಿಗೆ ಸೂಟಿಗೆ ನವನಗರದ ನಮ್ಮ ಮನೆಗೆ ಬಂದಿದ್ದ. ರಾತ್ರಿ ನಾನು ರೊಟ್ಟಿ ಮುರಿಯುತ್ತಿರುವಾಗ ಮುಖಕ್ಕೇ ಮೊಬೈಲ್ ಹಿಡಿದ. "ಮಾಮಾ, ಇದನ್ನ ನೋಡು. ಜಗತ್ತಿನ್ಯಾಗ ಎಲ್ಲಾಕಿಂತ ಹೊಲಸು ಮುಖದ ಮೀನ."

ಹೊಲಸೇ ಇತ್ತು. ಹಣೆಯಿಂದ ಮುಂದಕ್ಕೆ ಚಪ್ಪಟೆಯಾಗಿ ಚಾಚಿದ ಒಂದು ಉದ್ದ ಮೂಗು. ಅದರ ಕೆಳಗೆ, ಮುಖಕ್ಕೆ ಸಂಬಂಧವೇ ಇಲ್ಲದಂತೆ, ಹೊರಗೆ ನೇತಾಡುವ ದವಡೆ. ದವಡೆ ತುಂಬ ದಬ್ಬಣದಂಥ ಹಲ್ಲು. ಮೈಬಣ್ಣ ಒಣಗಿದ ಗಾಯದ ಹಾಗೆ ಕಂದು. ಗಾಬ್ಲಿನ್ ಶಾರ್ಕ್ ಅಂತೆ.

ನಾನು ಬೀಜ-ಗೊಬ್ಬರದ ಅಂಗಡಿಯವನು. ಮೀನು ತಿನ್ನುವವನಲ್ಲ, ಸಮುದ್ರ ನೋಡಿದ್ದು ಮೂರೋ ನಾಲ್ಕೋ ಸಲ. ಆದರೂ ಹುಡುಗ ಮಲಗಿದ ಮೇಲೆ ಮತ್ತೆ ಆ ಮುಖ ತೆಗೆದು ನೋಡಿದೆ. ಆಮೇಲೆ ಎರಡು ವಾರ ಅಂಗಡಿ ಮುಚ್ಚಿ ಬಂದ ಮೇಲೆ ಅದೇ ಕೆಲಸ. ಓದುತ್ತಾ ಹೋದಂತೆ ಒಂದು ವಿಷಯ ಗೊತ್ತಾಗಿ ನಿಜಕ್ಕೂ ಕೆಡುಕೆನಿಸಿತು. ಆ ಮೀನು ಹಾಗಿಲ್ಲ. ಬದುಕಿರುವಾಗ ಅದರ ದವಡೆ ಅಚ್ಚುಕಟ್ಟಾಗಿ ಮೂಗಿನ ಕೆಳಗೆ ಮಡಚಿಕೊಂಡಿರುತ್ತದೆ. ಮೈ ತಿಳಿ ಗುಲಾಬಿ. ಚರ್ಮ ಎಷ್ಟು ತೆಳು ಅಂದರೆ ಒಳಗಿನ ರಕ್ತನಾಳಗಳ ಬಣ್ಣವೇ ಹೊರಗೆ ಕಾಣುವುದು. ಬಲೆಗೆ ಸಿಕ್ಕು, ಮೇಲೆ ಬಂದು, ಸತ್ತ ಮೇಲೆ ಬಣ್ಣ ಕಂದಾಗುತ್ತದೆ. ದವಡೆ ಹೊರಗೆ ಬಿದ್ದು ನಿಲ್ಲುತ್ತದೆ. ಆಗ ಫೋಟೋ ತೆಗೆಯುತ್ತಾರೆ. ನಾವು ನೋಡಿ ಹೊಲಸು ಅನ್ನುವುದು ಬಹುತೇಕ ಈ ಹೆಣದ ಫೋಟೋಗಳನ್ನೇ.

ಪಾಪ, ಅದಕ್ಕೆ ಗದ್ದ ಕಟ್ಟುವವರು ಯಾರೂ ಇರಲಿಲ್ಲ.

ಹಾಗಾದರೆ ಬದುಕಿರುವಾಗ ಆ ದವಡೆ ಮಾಡುವ ಕೆಲಸ ಏನು? ಇದು ನನಗೆ ತುಂಬಾ ಹಿಡಿಸಿದ ಭಾಗ, ಸ್ವಲ್ಪ ಉದ್ದ ಹೇಳುತ್ತೇನೆ.

ನಮ್ಮ ದವಡೆಯ ಮೇಲಿನ ಭಾಗ ತಲೆಬುರುಡೆಗೆ ಅಂಟಿಕೊಂಡಿದೆ. ಶಾರ್ಕುಗಳದ್ದು ಹಾಗಲ್ಲ. ಮೇಲಿನ ದವಡೆಯೂ ಬಿಡಿ, ಅಸ್ಥಿರಜ್ಜುಗಳಿಂದ ತೂಗು ಹಾಕಿದಂತೆ ಇರುತ್ತದೆ. ಹಾಗಾಗಿ ಕಚ್ಚುವಾಗ ಬಹುತೇಕ ಶಾರ್ಕುಗಳು ದವಡೆಯನ್ನು ಒಂದಿಷ್ಟು ಮುಂದೆ ತಳ್ಳುತ್ತವೆ. ಗಾಬ್ಲಿನ್ ಶಾರ್ಕ್ ಇದನ್ನು ಅತಿಗೆ ಒಯ್ದಿದೆ. ಚಿಕ್ಕಂದಿನಲ್ಲಿ ಕವಲು ಕಟ್ಟಿಗೆಗೆ ಸೈಕಲ್ ಟ್ಯೂಬು ಕಟ್ಟಿ ಕಲ್ಲು ಹೊಡೆಯುತ್ತಿದ್ದೆವಲ್ಲ, ಅದೇ ಉಪಾಯ. ಬಾಯಿ ಮುಚ್ಚಿರುವಾಗ ರಜ್ಜುಗಳು ಎಳೆದ ಟ್ಯೂಬಿನ ಹಾಗೆ ಬಿಗಿಯಾಗಿರುತ್ತವೆ. ಬೇಟೆ ಹತ್ತಿರ ಬಂದಾಗ ಬಿಗಿ ಬಿಡುತ್ತದೆ. ದವಡೆ ಚಿಮ್ಮುತ್ತದೆ.

ಜಪಾನಿನ ಎನ್‌ಎಚ್‌ಕೆ ಟಿವಿಯವರು 2008 ಮತ್ತು 2011ರಲ್ಲಿ ಜೀವಂತ ಗಾಬ್ಲಿನ್ ಶಾರ್ಕುಗಳು ಕಚ್ಚುವುದನ್ನು ಚಿತ್ರೀಕರಿಸಿದರು. ಆ ದೃಶ್ಯಗಳನ್ನು ಒಂದೊಂದು ಚೌಕಟ್ಟಾಗಿ ಬಿಡಿಸಿ ಅಳೆದ ಸಂಶೋಧಕರು 2016ರಲ್ಲಿ ಲೆಕ್ಕ ಕೊಟ್ಟರು. ದವಡೆ ಚಿಮ್ಮುವ ಗರಿಷ್ಠ ವೇಗ ಸೆಕೆಂಡಿಗೆ 3.1 ಮೀಟರ್. ಗಂಟೆಗೆ ಹಾಕಿ ನೋಡಿದರೆ ಸುಮಾರು 11 ಕಿಲೋಮೀಟರ್. ಇಷ್ಟೇನಾ ಅನಿಸುತ್ತದೆ, ಅಲ್ವಾ? ಹಳೇ ಸೈಕಲ್ಲೂ ಅಷ್ಟು ಓಡುತ್ತದೆ. ಆದರೆ ಓಡುತ್ತಿರುವುದು ಸೈಕಲ್ಲಲ್ಲ, ಬಾಯಿ. ಮೈ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬಾಯಿ ಮಾತ್ರ ಮುಂದೆ ಹೋಗಿ ಕಚ್ಚಿ ವಾಪಸ್ ಬರುತ್ತದೆ. ಹೋಗುವ ದೂರ ದೇಹದ ಉದ್ದದ ಶೇಕಡಾ 9ರಷ್ಟು. ಹತ್ತಡಿ ಮೀನಾದರೆ ಹತ್ತು-ಹನ್ನೊಂದು ಇಂಚು. ಗೇಣಿಗಿಂತ ಜಾಸ್ತಿ! ಅಳತೆ ಮಾಡಿದ ಶಾರ್ಕುಗಳಲ್ಲಿ ಇಷ್ಟು ವೇಗವಾಗಿ, ಇಷ್ಟು ದೂರ ದವಡೆ ಚಾಚಿದ್ದು ಇನ್ನೊಂದಿಲ್ಲ.

ಯಾಕೆ ಇಷ್ಟೆಲ್ಲ ಅಂದರೆ, ಅದು ಸೋಮಾರಿ ಮೀನು. ಸೋಮಾರಿ ಅನ್ನುವುದು ನನ್ನ ಪದ, ವಿಜ್ಞಾನಿಗಳು ನಿಧಾನ ಅನ್ನುತ್ತಾರೆ. ಮಾಂಸಖಂಡ ಮೆತ್ತಗೆ, ರೆಕ್ಕೆ ಚಿಕ್ಕವು, ಮೈಯೆಲ್ಲ ಜೋಬದ್ರ. ಬೆನ್ನಟ್ಟಿ ಹಿಡಿಯುವುದು ಅದರಿಂದ ಆಗದ ಮಾತು. ದೊಡ್ಡ ಎಣ್ಣೆಯ ಪಿತ್ತಜನಕಾಂಗ ಇರುವುದರಿಂದ ಮುಳುಗದೆ ತೇಲುತ್ತಿರುತ್ತದೆ. ಸಾಮಾನ್ಯವಾಗಿ ಇರುವುದು 270ರಿಂದ 960 ಮೀಟರ್ ಆಳದಲ್ಲಿ. ಅಲ್ಲಿ ಬೆಳಕು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಗ ಕೆಲಸಕ್ಕೆ ಬರುವುದು ಆ ಉದ್ದ ಮೂಗು. ಮೂಗಿನ ತುಂಬ ಸಣ್ಣ ಸಣ್ಣ ರಂಧ್ರ, ಒಳಗೆ ಲೋಳೆ. ಯಾವುದೇ ಜೀವಿಯ ಸ್ನಾಯು ಮಿಸುಕಿದರೂ ಹೊರಡುವ ಅತಿ ಸಣ್ಣ ಕರೆಂಟನ್ನು ಈ ರಂಧ್ರಗಳು ಗುರುತಿಸುತ್ತವೆ. ಎಲೆಕ್ಟ್ರಿಷಿಯನ್ನನ ಜೇಬಿನಲ್ಲಿ ಟೆಸ್ಟರ್ ಇರುತ್ತದಲ್ಲ, ಇದು ಟೆಸ್ಟರನ್ನೇ ಮೂಗು ಮಾಡಿಕೊಂಡು ಹುಟ್ಟಿದ್ದು. ಕತ್ತಲಲ್ಲಿ ಸುಮ್ನೆ ತೇಲುತ್ತಾ ಬರುತ್ತದೆ. ಟೆಸ್ಟರ್ ಹತ್ತಿದ ಕಡೆ ಬಾಯಿ ಎಸೆಯುತ್ತದೆ.

ಹೊಲಸು ಅಂದ ಆ ಎರಡು ಅಂಗಗಳೇ ಅದರ ಅನ್ನ.

ಹೆಸರಿನ ಕಥೆಯೂ ಸಾವಿನಿಂದಲೇ ಶುರು. ಜಪಾನಿನ ಯೊಕೊಹಾಮಾ ಹತ್ತಿರದ ಸಗಾಮಿ ಕೊಲ್ಲಿಯಲ್ಲಿ ಒಂದು ಎಳೆಯ ಗಂಡು ಶಾರ್ಕ್ ಸಿಕ್ಕಿತು. ಉದ್ದ 107 ಸೆಂಟಿಮೀಟರ್. ಅದು ಅಲನ್ ಓಸ್ಟನ್ ಎಂಬ ಇಂಗ್ಲಿಷ್ ವ್ಯಾಪಾರಿಯ ಕೈ ಸೇರಿ, ಅಲ್ಲಿಂದ ಟೋಕಿಯೋ ವಿಶ್ವವಿದ್ಯಾಲಯದ ಕಾಕಿಚಿ ಮಿತ್ಸುಕುರಿ ಅವರಿಗೆ, ಅವರಿಂದ ಅಮೆರಿಕದ ಮೀನು ವಿಜ್ಞಾನಿ ಡೇವಿಡ್ ಸ್ಟಾರ್ ಜೋರ್ಡನ್ ಅವರಿಗೆ ಹೋಯಿತು. ಜೋರ್ಡನ್ 1898ರಲ್ಲಿ ಇಬ್ಬರ ಹೆಸರನ್ನೂ ಸೇರಿಸಿ ಮಿತ್ಸುಕುರಿನಾ ಓಸ್ಟೋನಿ ಎಂದು ನಾಮಕರಣ ಮಾಡಿದರು. ಜಪಾನಿನ ಮೀನುಗಾರರು ಕರೆಯುತ್ತಿದ್ದುದು ತೆಂಗು-ಝಾಮೆ ಅಂತ. ನಮ್ಮ ತೆಂಗಲ್ಲ. ತೆಂಗು ಅಂದರೆ ಅವರ ಜನಪದ ಕಥೆಗಳಲ್ಲಿ ಬರುವ, ಕೆಂಪು ಮುಖದ, ಉದ್ದ ಮೂಗಿನ ಒಂದು ದೈವ. ಹೆದರುತ್ತಾರೆ, ಕೈಯೂ ಮುಗಿಯುತ್ತಾರೆ. ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ಗಾಬ್ಲಿನ್ ಆಯಿತು, ಅಂದರೆ ಕಾಡುವ ಕುಳ್ಳ ದೆವ್ವ. ದೈವ ಹೋಗಿ ದೆವ್ವ ಉಳಿಯಿತು. ನಮ್ಮ ಗ್ರಾಮದೇವತೆಗಳಿಗೂ ಬ್ರಿಟಿಷರ ಬರಹಗಳಲ್ಲಿ ಇದೇ ಗತಿಯಾಗಿದೆ. ಇರಲಿ.

ಇನ್ನು ಹಳೇ ನೆಂಟರ ವಿಷಯ.

ಈ ವಂಶ ಸುಮಾರು 12.5 ಕೋಟಿ ವರ್ಷದಷ್ಟು ಹಳೆಯದು. ಈಗ ಬದುಕಿರುವುದು ಇದೊಂದೇ ಜಾತಿ. ಮಿಕ್ಕವರೆಲ್ಲ ಕಲ್ಲಿನಲ್ಲಿದ್ದಾರೆ. ಅವರಲ್ಲಿ ಹೆಸರುವಾಸಿ ಸ್ಕ್ಯಾಪನೊರಿಂಕಸ್. ಹಾಗೆಂದರೆ ಸಲಿಕೆ ಮೂಗಿನದು. ಡೈನೋಸಾರುಗಳ ಕಾಲದ ಕೊನೆಯ ಭಾಗದಲ್ಲಿ ಇದ್ದ ಶಾರ್ಕ್. ಲೆಬನಾನಿನ ಸುಣ್ಣಕಲ್ಲಿನಲ್ಲಿ ಇದರ ಇಡೀ ಮೈಯ ಅಚ್ಚು ಸಿಕ್ಕಿದೆ, ಮೂಗಿನ ಸಮೇತ. ಅದು 8 ಕೋಟಿ ವರ್ಷಕ್ಕೂ ಹಿಂದಿನದು. ಇಡೀ ಮೈ ಸಿಗುವುದು ದೊಡ್ಡ ಅದೃಷ್ಟ. ಯಾಕಂದರೆ ಶಾರ್ಕಿಗೆ ಎಲುಬಿಲ್ಲ, ಇರುವುದೆಲ್ಲ ನಮ್ಮ ಕಿವಿಯಲ್ಲಿ ಇರುವಂಥ ಮೃದ್ವಸ್ಥಿ. ಸತ್ತರೆ ಕೊಳೆತು ಹೋಗುತ್ತದೆ. ಉಳಿಯುವುದು ಹಲ್ಲು. ಬದುಕಿರುವಾಗಲೂ ಹಲ್ಲು ಉದುರುತ್ತಲೇ ಇರುತ್ತವೆ, ಹೊಸದು ಬರುತ್ತಲೇ ಇರುತ್ತವೆ. ಒಂದೊಂದು ಶಾರ್ಕ್ ತನ್ನ ಆಯುಷ್ಯದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲವು ಹಳ್ಳಗಳಿವೆ. ಮಳೆ ಬಂದು ದಂಡೆ ಕುಸಿದರೆ ಶಾಲೆ ಹುಡುಗರು ಜರಡಿ ಹಿಡಿದು ಇಳಿಯುತ್ತಾರಂತೆ. ಅವರಿಗೆ ಸಿಗುವ ಹಲ್ಲುಗಳಲ್ಲಿ ಸ್ಕ್ಯಾಪನೊರಿಂಕಸ್‌ನದೂ ಇರುತ್ತವೆ. ಉದ್ದ, ತೆಳು, ಚೂಪು. ಒಂದು ಮೈಗೆ ಸಣ್ಣ ಸಣ್ಣ ಗೀರು. ಬುಡದಲ್ಲಿ ಎರಡು ಕವಲು. ಚೀಲ ಹೊಲಿಯುವ ದಬ್ಬಣಕ್ಕೆ ಕಾಲು ಬಂದಂತೆ.

ಇನ್ನೊಬ್ಬ ನೆಂಟ ಅನೊಮೊಟೊಡಾನ್. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಹಲ್ಲುಗಳೇ ಎಲ್ಲ.

ಜೋರ್ಡನ್ ಹೆಸರಿಟ್ಟ ಮೇಲೆ ಒಂದು ಮಜವಾದ ಗೊಂದಲವಾಯಿತು. ಸ್ಕ್ಯಾಪನೊರಿಂಕಸ್ ಎಂಬ ಹೆಸರು ಅದಕ್ಕಿಂತ ಮೊದಲೇ, 1889ರಲ್ಲೇ ಬಂದಿತ್ತು. ಎರಡರ ಮೂಗೂ ಒಂದೇ ಥರ. ಹಾಗಾಗಿ ಇದು ಹೊಸದಲ್ಲ, ಸತ್ತಿದೆ ಅಂದುಕೊಂಡದ್ದೇ ಬದುಕಿದೆ ಎಂದು ಕೆಲವರು ವಾದಿಸಿದರು. ಬಹಳ ಕಾಲ ಎರಡನ್ನೂ ಒಂದೇ ಹೆಸರಿನಲ್ಲಿ ಕರೆದವರೂ ಇದ್ದಾರೆ. ಆಮೇಲೆ ಇನ್ನೂ ಪೂರ್ತಿಯಾದ ಪಳೆಯುಳಿಕೆಗಳನ್ನು ಹೋಲಿಸಿ ನೋಡಿದಾಗ ಬೇಕಾದಷ್ಟು ವ್ಯತ್ಯಾಸ ಕಂಡವು. ಮೊಮ್ಮಗನನ್ನು ಅಜ್ಜ ಅಂದುಕೊಂಡಿದ್ದರು, ಅಷ್ಟೆ. ನಮ್ಮೂರಿನಲ್ಲಿ ಹಳಬರು ನನ್ನನ್ನು ಕಂಡರೆ ಅಜ್ಜನ ಹೆಸರು ಹಿಡಿದೇ ಕರೆಯುತ್ತಾರೆ. ಮೂಗು ಅವರದೇ ಅಂತೆ.

ಒಂದು ದೊಡ್ಡ ವ್ಯತ್ಯಾಸ ವಾಸದ್ದು. ಸ್ಕ್ಯಾಪನೊರಿಂಕಸ್ ಹಲ್ಲುಗಳು ದಂಡೆಗೆ ಹತ್ತಿರದ, ಅಷ್ಟೇನೂ ಆಳವಿಲ್ಲದ ಸಮುದ್ರದ ಕೆಸರಿನಲ್ಲೂ ಧಾರಾಳವಾಗಿ ಸಿಗುತ್ತವೆ. ಈಗಿನದ್ದು ಆಳದ ಜೀವಿ. ಹಾಗಾಗಿಯೇ "ಜೀವಂತ ಪಳೆಯುಳಿಕೆ" ಎಂಬ ಮಾತು ನನಗೆ ಒಗ್ಗುವುದಿಲ್ಲ. ಹನ್ನೆರಡು ಕೋಟಿ ವರ್ಷ ಏನೂ ಮಾಡದೆ ಮೂಲೆಯಲ್ಲಿ ಕೂತಿತ್ತು ಅನ್ನುವ ಹಾಗೆ ಇದೆ ಆ ಮಾತು. ವಂಶ ಹಳೆಯದು, ನಿಜ. ಮೀನು ಇವತ್ತಿನದು. ಇವತ್ತಿನ ಕತ್ತಲಲ್ಲಿ, ಇವತ್ತಿನ ಹಸಿವಿಗೆ ಬಾಯಿ ಎಸೆಯುತ್ತಿದೆ. ಹಿಂದೂ ಮಹಾಸಾಗರದ ತಳದ ಕೇಬಲ್ ಒಂದರಲ್ಲಿ, 1370 ಮೀಟರ್ ಆಳದಲ್ಲಿ, ಇದರ ಹಲ್ಲು ನೆಟ್ಟು ಕೂತಿತ್ತು. ಕೇಬಲ್‌ನ ಕರೆಂಟು ಟೆಸ್ಟರ್‌ಗೆ ಹತ್ತಿರಬೇಕು ಅಂತ ನನ್ನ ಊಹೆ. ಜನ ಕಳಿಸಿದ ಸುದ್ದಿಯನ್ನು ಬೇಟೆ ಅಂದುಕೊಂಡು ಕಚ್ಚಿದ ಮೀನು!

ಇಷ್ಟೆಲ್ಲ ಓದಿದ ಮೇಲೆ ಹುಡುಗ ಕೇಳಿಯೇ ಕೇಳಿದ: "ನಮ್ಮ ಬಾಗಲಕೋಟಿ ಕಲ್ಲಾಗ ಸಿಗ್ತಾವೇನ್ ಮಾಮಾ ಹಲ್ಲು?"

ಸಿಗುವುದಿಲ್ಲ. ನಮ್ಮಲ್ಲಿ ಸಮುದ್ರ ಇತ್ತು, ಅದು ಖರೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಬಂಡೆಗಳನ್ನು ಸುತ್ತಾಡಿ ನೋಡಿ ಅವಕ್ಕೆ ಕಲಾದಗಿ ಊರಿನ ಹೆಸರನ್ನೇ ಇಟ್ಟರು. ಈಗ ಚಿಕ್ಕು ಹಣ್ಣಿಗೆ ಹೆಸರಾದ ಅದೇ ಕಲಾದಗಿ. ಆ ಬಂಡೆಗಳು ನೂರು ಕೋಟಿ ವರ್ಷಕ್ಕೂ ಹಳೆಯವು. ಆಗ ಶಾರ್ಕ್ ಬಿಡಿ, ಹಲ್ಲಿರುವ ಜೀವಿಯೇ ಇರಲಿಲ್ಲ. ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಬೆಳೆದು ಸುಣ್ಣ ಹಿಡಿದಿಟ್ಟವು. ಹಾಗೆ ಆದ ಕಲ್ಲಿಗೆ ಸ್ಟ್ರೊಮಟೊಲೈಟ್ ಅನ್ನುತ್ತಾರೆ. ನಾನು ಹುಡುಗನನ್ನು ಬೈಕಿನಲ್ಲಿ ಕೂಡಿಸಿಕೊಂಡು ಹೋಗಿ ಒಂದು ಹೊಲದ ಬದುವಿನಲ್ಲಿ ತೋರಿಸಿದೆ. ಬೂದು ಬಣ್ಣದ ಕಲ್ಲು. ಮೇಲೆ ನೀರು ಹಾಕಿ ಅಂಗೈಯಿಂದ ಉಜ್ಜಿದೆವು. ಒಂದರೊಳಗೊಂದು ಉಂಗುರ ಎದ್ದವು, ಉಳ್ಳಾಗಡ್ಡಿ ಅಡ್ಡ ಹೆಚ್ಚಿದ ಹಾಗೆ. ನೀರು ಆರಿದಂತೆ ಮತ್ತೆ ಮಾಯ. ಹುಡುಗ ಬಾಟಲಿಯ ನೀರೆಲ್ಲ ಖಾಲಿ ಮಾಡಿದ.

ಶಾರ್ಕುಗಳ ಕಾಲದ ಕಲ್ಲು ಬೇಕಾದರೆ ಉತ್ತರಕ್ಕೆ ಹೋಗಬೇಕು. ಗದ್ದನಕೇರಿ ಕ್ರಾಸ್, ಅನಗವಾಡಿ, ಆಮೇಲೆ ಕೋರ್ತಿ-ಕೊಲ್ಹಾರದ ಆ ಉದ್ದ ಸೇತುವೆ. ಕೃಷ್ಣೆ ದಾಟಿದರೆ ವಿಜಯಪುರ ಜಿಲ್ಲೆಯ ಕರಿಕಲ್ಲಿನ ಸೀಮೆ. ಅಲ್ಲಿಂದ ಮಹಾರಾಷ್ಟ್ರದ ತನಕ ಹರಡಿರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ. ಗೋಳಗುಮ್ಮಟ ಕಟ್ಟಿದ್ದು ಅದೇ ಕಲ್ಲಿನಿಂದ. ಡೋಣಿ ನದಿಯ ಸಾಲಿನಲ್ಲಿ ಬಿಳಿಜೋಳ ಬೆಳೆಯುವ ಎರೆಮಣ್ಣು ಅದೇ ಕಲ್ಲು ಪುಡಿಯಾದದ್ದು. ಮತ್ತು ಸ್ಕ್ಯಾಪನೊರಿಂಕಸ್ ಲೆಕ್ಕದಿಂದ ಮರೆಯಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಡೈನೋಸಾರುಗಳ ಜೊತೆ. ಮೆಕ್ಸಿಕೋದಲ್ಲಿ ಬಂದು ಬಿದ್ದ ಕ್ಷುದ್ರಗ್ರಹವೇ ಮುಖ್ಯ ಕಾರಣ ಎಂದು ಬಹಳ ಜನ ವಿಜ್ಞಾನಿಗಳು ಒಪ್ಪುತ್ತಾರೆ. ನಮ್ಮ ಲಾವಾದ ಪಾಲೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೂ ವಿಜಯಪುರದ ಬೀಜದ ಡೀಲರ್ ಹತ್ತಿರ ಹೋಗುವಾಗಲೆಲ್ಲ ಈಗ ನನಗೆ ಆ ಕರಿ ಹೊಲಗಳು ಬೇರೆ ಥರ ಕಾಣುತ್ತವೆ. ಲಾವಾ ಹೆಪ್ಪುಗಟ್ಟಿ, ಕಲ್ಲಾಗಿ, ಮಣ್ಣಾಗಿ, ಜೋಳವಾಗಿ ನನ್ನ ತಾಟಿಗೆ ಬರುವಷ್ಟು ಕಾಲ ಆ ಉದ್ದಮೂಗಿನ ವಂಶದ ಒಂದು ಕವಲು ಕೆಳಗೆ ಕತ್ತಲಲ್ಲಿ ಬದುಕಿಕೊಂಡು ಬಂದಿದೆ.

ನಿಜವಾದ ಶಾರ್ಕನ್ನು ನಾನು ಮುಟ್ಟಿದ್ದು ಒಮ್ಮೆ ಮಾತ್ರ. ಬೆಳಗಾವಿಯಲ್ಲಿ ಗೆಳೆಯನೊಬ್ಬ ಮೀನು ಮಾರ್ಕೆಟ್ಟಿಗೆ ಎಳೆದುಕೊಂಡು ಹೋಗಿದ್ದ. ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದೆ. ಗೋವಾದಿಂದ ಬಂದ ಐಸಿನ ಪೆಟ್ಟಿಗೆಯಲ್ಲಿ ಮೊಳದುದ್ದದ ಎರಡು ಬೂದು ಮೀನು. ಮಾರುವಾಕೆ ಮೋರಿ ಅಂದಳು. ಕೊಂಕಣಿಯಲ್ಲಿ ಶಾರ್ಕಿಗೆ ಹಾಗೆ ಅನ್ನುತ್ತಾರೆ. "ಮುಟ್ಟಿ ನೋಡ್ರಿ, ಕಚ್ಚಂಗಿಲ್ಲ" ಅಂತ ನಕ್ಕಳು. ತಲೆಯಿಂದ ಬಾಲದ ಕಡೆ ಬೆರಳು ಆಡಿಸಿದೆ, ನುಣುಪು. ಬಾಲದಿಂದ ತಲೆಯ ಕಡೆ ಎಳೆದೆ, ಬಡಿಗನ ಪಾಲಿಶ್ ಕಾಗದ. ಶಾರ್ಕಿನ ಚರ್ಮದ ಮೇಲೆಲ್ಲ ಸಾಸಿವೆಗಿಂತ ಸಣ್ಣ ಹಲ್ಲುಗಳಿವೆ ಎಂದು ಆಗ ಗೊತ್ತಿರಲಿಲ್ಲ. ಬಾಯಿಯ ಹಲ್ಲಿನಲ್ಲಿ ಏನಿದೆಯೋ ಅದೇ ಪದಾರ್ಥ, ಮೈ ತುಂಬ. ಅಂದರೆ ನಾನು ಅವತ್ತು ಮುಟ್ಟಿದ್ದೂ ಹಲ್ಲನ್ನೇ.

ಗಾಬ್ಲಿನ್ ಶಾರ್ಕನ್ನು ಬದುಕಿರುವಾಗ ನೋಡಿದವರು ಬೆರಳೆಣಿಕೆ. ಜಪಾನಿನಲ್ಲಿ ತೊಟ್ಟಿಯಲ್ಲಿಟ್ಟು ಸಾಕಲು ನೋಡಿದರು. ಒಂದು ಎರಡು ದಿನ ಬದುಕಿತು, ಇನ್ನೊಂದು ಒಂದು ವಾರ. 2023ರಲ್ಲಿ ತೈವಾನಿನಲ್ಲಿ ಬಲೆಗೆ ಬಿದ್ದ ಒಂದು ಹೆಣ್ಣು ಸುದ್ದಿಯಾಯಿತು. ಉದ್ದ 4.7 ಮೀಟರ್, ತೂಕ 800 ಕಿಲೋ, ಹೊಟ್ಟೆಯಲ್ಲಿ 6 ಮರಿ. ಆ ಫೋಟೋವನ್ನೂ ಹುಡುಕಿ ನೋಡಿದೆ. ಕ್ರೇನಿನಿಂದ ನೇತು ಹಾಕಿದ್ದರು. ದವಡೆ ಹೊರಗೆ ಬಿದ್ದಿತ್ತು. ಕೆಳಗೆ ಬಂದಿದ್ದ ಕಾಮೆಂಟುಗಳನ್ನು ಓದದೆ ಮುಚ್ಚಿಬಿಟ್ಟೆ.

ಸೂಟಿ ಮುಗಿಯುವ ಹೊತ್ತಿಗೆ ಹುಡುಗ ಡ್ರಾಯಿಂಗ್ ಪುಸ್ತಕದಲ್ಲಿ ಬಾಯಿ ಮುಚ್ಚಿದ ಗಾಬ್ಲಿನ್ ಶಾರ್ಕ್ ಬರೆದ. ಗುಲಾಬಿ ಕ್ರೆಯಾನು ಪೂರ್ತಿ ತೇಯ್ದಿದ್ದ. ನೋಡಿ ಅವನಿಗೇ ಸಮಾಧಾನವಾಗಲಿಲ್ಲ. "ಮಾಮಾ, ಬಾಯಿ ಮುಚ್ಚಿದ್ರ ಇದು ಸಾದಾ ಮೀನ ಆತಲ್ಲೋ. ಸಾಲಿಯಾಗ ಯಾರೂ ಹೆದರಂಗಿಲ್ಲ." ಪುಟ ತಿರುಗಿಸಿ ದವಡೆ ಚಾಚಿದ್ದನ್ನೂ ಬರೆದ. ಅದಕ್ಕೆ ಹಲ್ಲು ಜಾಸ್ತಿ ಹಾಕಿದ.

ಅವನು ಊರಿಗೆ ಹೋದ ಮೇಲೆ ಜಮಖಂಡಿಯ ಅತ್ತೆಗೆ ಫೋನ್ ಮಾಡಿದೆ. ಅಜ್ಜನ ಮಕ್ಕಳಲ್ಲಿ ಈಗ ಇರುವವಳು ಆಕೆಯೊಬ್ಬಳೇ. ಅಜ್ಜ ನಗುವಾಗ ಹೇಗಿದ್ದ ಅಂತ ಕೇಳಿದೆ. ಇಷ್ಟು ವರ್ಷ ಯಾಕೆ ಕೇಳಲಿಲ್ಲವೋ ಗೊತ್ತಿಲ್ಲ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಮ್ಮೆಲೇ ನಗಲು ಶುರು ಮಾಡಿದಳು.

"ಅಪ್ಪಗ ಮುಂದಿನ ಹಲ್ಲ ಒಂದ ಇರಲಿಲ್ಲೋ. ಎತ್ತು ಒದ್ದು ಬಿದ್ದಿತ್ತು. ಆ ಸಂದಿಯಿಂದ ಹಿಂಗ ಸೀಟಿ ಹೊಡೀತಿದ್ದ, ಹೊಲದ ಆ ತುದಿಗೆ ನಿಂತ್ರೂ ನಮಗ ಕೇಳ್ತಿತ್ತು. ನಕ್ಕರೂ ಸೀಟಿ ಬರ್ತಿತ್ತು." ಫೋನಿನಲ್ಲೇ ಊದಿ ತೋರಿಸಲು ನೋಡಿದಳು, ಬರೀ ಗಾಳಿ ಬಂತು. "ಬಾಯಿ ಕಟ್ಟಿ ಕುಂದ್ರಿಸಿದ್ರಲ್ಲ. ಫೋಟೋದಾಗ ಅದು ಎಲ್ಲಿಂದ ಕಾಣಬೇಕು?"